ಊರಿನ ದಾರಿ, ಕಾಡಿನ ರಾತ್ರಿ

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದವರು. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ಹಾವೇರಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಿಂದ ಕೆಲಸ ಅರಸಿ ಬಂದು ವೆರ್ಣಾ, ವಾಸ್ಕೋ, ಝುವಾರಿನಗರ, ಮಡಗಾಂವ, ಮಾಪುಸಾಗಳಲ್ಲಿ ಮನೆ ಮಾಡಿಕೊಂಡವರು. ಯುಗಾದಿ, ನಾಗರ ಪಂಚಮಿ, ದೀಪಾವಳಿ, ಊರ ಜಾತ್ರೆ, ಬಂಧುಗಳ ಮದುವೆ, ಹೊಲದ ಬಿತ್ತನೆ ಹೀಗೆ ಒಂದಲ್ಲ ಒಂದು ಕಾರಣದಿಂದ ವರ್ಷದಲ್ಲಿ ಐದಾರು ಸಲವಾದರೂ ಘಟ್ಟ ಹತ್ತಿ ಊರಿಗೆ ಹೋಗಿಬರುವುದು ನಮ್ಮ ಬಾಳಿನ ಕ್ರಮವೇ ಆಗಿದೆ. ಹಿಂದಿನ ತಲೆಮಾರಿನವರು ಬಸ್ಸು, ರೈಲುಗಳಲ್ಲಿ ಹೋಗುತ್ತಿದ್ದರು. ಇಂದಿನ ತರುಣರಲ್ಲಿ ಅನೇಕರು ಮೋಟಾರ್ ಸೈಕಲ್ ಏರಿ ಹೊರಡುತ್ತಾರೆ. ಹೆಂಡತಿ ಮಕ್ಕಳನ್ನೂ ಅದರ ಮೇಲೆಯೇ ಕೂರಿಸಿಕೊಂಡು ಹೋಗುವವರುಂಟು.

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ನೆನಪುಗಳನ್ನು ಬರೆಯಬಲ್ಲ ಹಿರಿಯರು ಅನೇಕರಿದ್ದಾರೆ, ನಾನು ಬಲ್ಲ ವಿಷಯವನ್ನು ಬರೆಯುವುದೇ ಲೇಸು ಎಂದುಕೊಂಡೆ. ಈ ಶಾಲೆಯಲ್ಲಿ ಅಕ್ಷರ ಕಲಿತು, ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ಉದ್ಯೋಗ ಹಿಡಿದು, ಮೂವತ್ತು ವರ್ಷಗಳಿಂದ ಗದಗ ಜಿಲ್ಲೆಯ ನನ್ನ ಹಿರಿಯರ ಊರಿಗೆ ಮೋಟಾರ್ ಸೈಕಲ್ಲಿನಲ್ಲಿಯೇ ಹೋಗಿಬರುತ್ತಿದ್ದೇನೆ. ಮೊದಲನೆಯದು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ದಿ. ಈಗಿನದು ಮೂರನೆಯ ಗಾಡಿ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯಲ್ಲಿ ನಾನು ಕಂಡ ಪ್ರಾಣಿ, ಪಕ್ಷಿ, ಹುಳುಹುಪ್ಪಟೆಗಳಿಂದ ನನ್ನಲ್ಲಿ ಮೂಡಿದ ಒಂದು ಅಭಿಪ್ರಾಯವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮೊಲೆಂನಿಂದ ರಾಮನಗರದ ತನಕ ಘಟ್ಟದ ದಾರಿಯಲ್ಲಿ ಮೋಟಾರ್ ಸೈಕಲ್ ಓಡಿಸುವುದನ್ನು ಗೋವೆಯ ಕನ್ನಡಿಗರಾದ ನಾವು ನಾವಾಗಿಯೇ ಬಿಡಬೇಕು. ಮುಂದೊಂದು ದಿನ ಸರ್ಕಾರಗಳು ಆ ದಾರಿಗೆ ರಾತ್ರಿಯ ನಿರ್ಬಂಧ ವಿಧಿಸಲು ಮುಂದಾದರೆ ನಾವು ಅದನ್ನು ವಿರೋಧಿಸಬಾರದು. ಈ ಮಾತು ಹಲವರಿಗೆ ರುಚಿಸಲಾರದೆಂದು ಬಲ್ಲೆ. ಶನಿವಾರ ಸಂಜೆ ಪಾಳಿ ಮುಗಿಸಿ ಹೊರಟು ಭಾನುವಾರ ಬೆಳಗಾಗುವುದರೊಳಗೆ ಊರು ಮುಟ್ಟುವ ತರುಣರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬುದೂ ಗೊತ್ತು. ಆದರೂ ಹೇಳಬೇಕೆನಿಸಿದೆ.

ಆ ದಾರಿಯ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳೋಣ. ವೆರ್ಣಾದಿಂದ ಲೊಟಲಿ, ಬೋರಿ ಸೇತುವೆ, ಫೋಂಡಾಗಳನ್ನು ದಾಟಿ ಮೊಲೆಂ ತಲುಪಿದೊಡನೆ ಊರುಗಳು ಮುಗಿದು ಕಾಡು ಮೊದಲಾಗುತ್ತದೆ. ಹಿಂದೆ 4ಎ ಎಂದು ಕರೆಯುತ್ತಿದ್ದ, ಈಗ 748 ಎಂಬ ಸಂಖ್ಯೆಯನ್ನು ಹೊತ್ತಿರುವ ರಾಷ್ಟ್ರೀಯ ಹೆದ್ದಾರಿಯು ಇಲ್ಲಿ ಭಗವಾನ್ ಮಹಾವೀರ ಅಭಯಾರಣ್ಯವನ್ನು ಸೀಳಿಕೊಂಡು ಅನಮೋಡ ಘಟ್ಟವನ್ನು ಏರುತ್ತದೆ. ಮೊಲೆಂ ರಾಷ್ಟ್ರೀಯ ಉದ್ಯಾನವೂ ಸೇರಿ ಈ ಕಾಡಿನ ವಿಸ್ತಾರ ಸುಮಾರು 240 ಚದರ ಕಿಲೋಮೀಟರ್. ಘಟ್ಟದ ನೆತ್ತಿಯಲ್ಲಿ ಗೋವೆ ಮುಗಿದು ಉತ್ತರ ಕನ್ನಡದ ಜೋಯಿಡಾ ತಾಲೂಕು ಬರುತ್ತದೆ. ಕಾಡು ಮಾತ್ರ ಮುಗಿಯುವುದಿಲ್ಲ. ಆ ಕಡೆ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ಅಭಯಾರಣ್ಯವನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಕೂಡಿಸಿ 2007ರಲ್ಲಿ ರೂಪಿಸಿದ್ದಕ್ಕೆ 2015ರಲ್ಲಿ ಕಾಳಿ ನದಿಯ ಹೆಸರನ್ನು ಇಡಲಾಯಿತು. ಉತ್ತರಕ್ಕೆ ಖಾನಾಪುರ ತಾಲೂಕಿನ ಭೀಮಗಡ, ಅದಕ್ಕೆ ಹೊಂದಿಕೊಂಡು ಗೋವೆಯ ಮಹದಾಯಿ ಅಭಯಾರಣ್ಯ. ನಕಾಶೆಯಲ್ಲಿ ನಾಲ್ಕು ಹೆಸರು, ಎರಡು ರಾಜ್ಯ. ಹುಲಿಗೂ ಕಾಡುಕೋಣಕ್ಕೂ ಅದೆಲ್ಲ ಒಂದೇ ಮನೆ. ನಮ್ಮ ದಾರಿ ಆ ಮನೆಯ ನಡುಮನೆಯಲ್ಲಿ ಹಾದುಹೋಗುತ್ತದೆ.

ಗೋವೆಯ ರಾಜ್ಯಪ್ರಾಣಿ ಕಾಡುಕೋಣ, ಕರ್ನಾಟಕದ್ದು ಆನೆ. ನಮ್ಮ ಘಟ್ಟದ ಪಯಣದಲ್ಲಿ ಹೆಚ್ಚಾಗಿ ಎದುರಾಗುವುದು ಕಾಡುಕೋಣವೇ. ಬೆಳೆದ ಗಂಡು ಕೋಣ ಭುಜದ ಬಳಿ ಮನುಷ್ಯನಷ್ಟೇ ಎತ್ತರ. ತೂಕ ಎಂಟುನೂರು, ಒಂಬತ್ತುನೂರು ಕಿಲೋ, ಕೆಲವೊಮ್ಮೆ ಇನ್ನೂ ಹೆಚ್ಚು. ಅದರ ಮೈ ಕಡುಗಪ್ಪು. ಮೊಣಕಾಲಿನಿಂದ ಕೆಳಗೆ ಮಾತ್ರ ಬಿಳಿ. ರಾತ್ರಿಯ ದೀಪದ ಬೆಳಕನ್ನು ಆ ಕಪ್ಪು ಮೈ ಹೀರಿಕೊಂಡುಬಿಡುತ್ತದೆ. ಅದು ತಲೆ ತಿರುಗಿಸಿ ನೋಡಿದರೆ ಕಣ್ಣು ಹೊಳೆದೀತು. ಅತ್ತ ಮುಖ ಮಾಡಿ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣಿಸದು.

ಗಣಿತವನ್ನೂ ಸ್ವಲ್ಪ ನೋಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಅರಿತು ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಬ್ರೇಕ್ ಹಿಡಿದ ಮೇಲೆಯೂ ಗಾಡಿ ನಿಲ್ಲುವುದಕ್ಕೆ ಅಷ್ಟೇ ದೂರ ಬೇಕು. ದೀಪವನ್ನು ಕೆಳಗಿಳಿಸಿಕೊಂಡು ಹೋಗುವಾಗ ಬೆಳಕು ಚಾಚುವುದೇ ಅಷ್ಟು ದೂರ. ಘಟ್ಟದ ತಿರುವಿನಲ್ಲಂತೂ ಬೆಳಕು ದಾರಿಯ ಮೇಲೆ ಬೀಳದೆ ಎದುರಿನ ಮರಗಳ ಮೇಲೆ ಬೀಳುತ್ತದೆ. ಎಂಥ ಚಾಲಾಕಿ ಸವಾರನೇ ಆಗಲಿ, ಈ ಲೆಕ್ಕವನ್ನು ಮೀರಲಾರ.

ನಮ್ಮ ಓಣಿಯ ತರುಣನೊಬ್ಬ ಕೆಲವು ವರ್ಷಗಳ ಹಿಂದೆ ಜಾತ್ರೆಗೆಂದು ಶನಿವಾರ ರಾತ್ರಿ ಹೊರಟು ಘಟ್ಟದ ತಿರುವೊಂದರಲ್ಲಿ ಕಾಡುಕೋಣಕ್ಕೆ ಡಿಕ್ಕಿ ಹೊಡೆದ. ಜೀವ ಉಳಿಯಿತು; ಬಲಗಾಲು ಎರಡು ಕಡೆ ಮುರಿದು ಎಂಟು ತಿಂಗಳು ಮನೆಯಲ್ಲಿ ಕುಳಿತ. ಆಸ್ಪತ್ರೆಗೆ ನೋಡಲು ಹೋದಾಗ ಅವನು ಹೇಳಿದ್ದು ಇಷ್ಟು: “ಕರೇ ಗ್ವಾಡಿ ನಿಂತ್ಹಂಗ ಕಂಡ್ತು ಕಾಕಾ, ಮುಂದ ಏನೂ ನೆನಪಿಲ್ಲ.” ಆ ಕೋಣ ಕುಂಟುತ್ತ ಕಣಿವೆಗೆ ಇಳಿದುಹೋಯಿತೆಂದು ಹಿಂದೆ ಬರುತ್ತಿದ್ದ ಲಾರಿಯವರು ಹೇಳಿದರಂತೆ. ಅವನಿಗೆ ಆಸ್ಪತ್ರೆ ಇತ್ತು, ತಾಯಿ ಇದ್ದಳು, ಚಂದಾ ಎತ್ತಿ ಕೊಟ್ಟ ನಾವೆಲ್ಲ ಇದ್ದೆವು. ಕಣಿವೆಗಿಳಿದ ಜೀವಕ್ಕೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಕೋಣ, ಕಡವೆ, ಕಾಡುಹಂದಿಗಳಾದರೆ ಸವಾರನಿಗೂ ಪೆಟ್ಟಾಗುವುದರಿಂದ ಸುದ್ದಿಯಾಗುತ್ತದೆ. ಸುದ್ದಿಯೇ ಆಗದೆ ಸಾಯುವವು ಸಣ್ಣ ಜೀವಿಗಳು. ಹಗಲಿನ ಬಿಸಿಲಿಗೆ ಕಾದ ಡಾಂಬರು ಸಂಜೆಯ ಮೇಲೂ ಬೆಚ್ಚಗಿರುವುದರಿಂದ ಹಾವುಗಳು ಬಂದು ಅದರ ಮೇಲೆ ಮೈ ಚಾಚುತ್ತವೆ. ಪುನುಗಿನ ಬೆಕ್ಕು, ಮುಳ್ಳುಹಂದಿ, ಮೊಲದಷ್ಟೇ ಗಾತ್ರದ ಕೂರ, ದೊಡ್ಡ ಕಣ್ಣುಗಳ ಕಾಡುಪಾಪ ಇವೆಲ್ಲ ರಾತ್ರಿಯಲ್ಲಿಯೇ ಹೊಟ್ಟೆಪಾಡಿಗೆ ಹೊರಡುವಂಥವು. ಮೃಗಶಿರ ಮಳೆ ಬಿದ್ದ ರಾತ್ರಿಗಳಲ್ಲಿ ಕಪ್ಪೆಗಳೂ ಏಡಿಗಳೂ ಗುಂಪುಗುಂಪಾಗಿ ದಾರಿ ದಾಟುತ್ತವೆ. ಆಗ ಒಂದು ಗಾಡಿ ಹಾದುಹೋದರೂ ಸಾಕು, ಬೆಳಗಾಗುವಾಗ ಡಾಂಬರಿನ ಮೇಲೆ ಅಂಟಿದ ಚರ್ಮಗಳಷ್ಟೇ ಉಳಿಯುತ್ತವೆ. ಕಾಗೆಗಳು ಅವನ್ನೂ ಹೆಕ್ಕಿಬಿಡುವುದರಿಂದ ಹಗಲಿನ ಪ್ರಯಾಣಿಕರಿಗೆ ಅದರ ಕುರುಹೂ ಸಿಗದು.

ಇನ್ನು ಕೀಟಗಳು. ಮೋಟಾರ್ ಸೈಕಲ್ ಸವಾರನಷ್ಟು ಕೀಟಗಳ ಪರಿಚಯ ಬೇರಾರಿಗೂ ಆಗಲಾರದೇನೋ. ಕಾರಿನವನಿಗೆ ಗಾಜಿನ ಮರೆಯಿದೆ. ನಮಗೆ ಅವು ಬಂದು ಮುಖಕ್ಕೇ ಬಡಿಯುತ್ತವೆ. ಮೊದಲ ಮಳೆಗೆ ಹುತ್ತದಿಂದೇಳುವ ರೆಕ್ಕೆಗೆದ್ದಲು, ಕೆನೆಬಣ್ಣದ ಪತಂಗಗಳು, ಕಲ್ಲಿನಂತೆ ತಗಲುವ ದುಂಬಿಗಳು, ಹೆಸರೇ ತಿಳಿಯದ ಹಸಿರು ಹುಳುಗಳು ಇವೆಲ್ಲ ಹೆಡ್‌ಲೈಟಿನ ಬೆಳಕಿಗೆ ಧಾವಿಸಿ ಬರುತ್ತವೆ. ದೀಪಕ್ಕೆ ಪತಂಗ ಮರುಳಾಗಿ ಬೀಳುತ್ತದೆಂದು ನಮ್ಮ ಹಿರಿಯರು ಆಶೆಗೆ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದಾರೆ. ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೊಂದು ಕಾರಣವನ್ನು ತೋರಿಸಿತು. ಹಾರುವ ಕೀಟವು ರಾತ್ರಿ ಆಕಾಶದ ಮಂದ ಬೆಳಕಿನತ್ತ ಬೆನ್ನು ಮಾಡಿಕೊಂಡು ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುತ್ತದೆ. ಹತ್ತಿರದಲ್ಲಿ ಪ್ರಖರ ದೀಪವೊಂದು ಬಂದರೆ ಅದಕ್ಕೇ ಬೆನ್ನು ತಿರುಗಿಸಿ, ದಿಕ್ಕುಗೆಟ್ಟು, ಸುತ್ತ ತಿರುಗತೊಡಗುತ್ತದೆ. ಪಾಪ, ಪತಂಗಕ್ಕೆ ಆಶೆಯೂ ಇಲ್ಲ, ಮರುಳೂ ಇಲ್ಲ. ನಮ್ಮ ದೀಪ ಅದರ ಆಕಾಶವನ್ನೇ ಪಕ್ಕಕ್ಕೆ ಸರಿಸಿಬಿಡುತ್ತದೆ.

ನಾನು ಗಾಡಿ ಓಡಿಸತೊಡಗಿದ ಮೊದಲ ವರ್ಷಗಳಲ್ಲಿ, ಆಶ್ವಿನ ಮಾಸದ ಸಂಜೆ ಧಾರವಾಡ ತಲುಪುವುದರೊಳಗೆ ಮೂರು ಸಲವಾದರೂ ನಿಂತು ಹೆಲ್ಮೆಟ್ಟಿನ ಗಾಜನ್ನು ಒರೆಸಿಕೊಳ್ಳಬೇಕಾಗುತ್ತಿತ್ತು. ಈಗ ಒಮ್ಮೆ ಒರೆಸಿದರೆ ಸಾಕಾಗುತ್ತದೆ. ಒಬ್ಬನ ನೆನಪನ್ನು ಪ್ರಮಾಣವೆಂದು ಹಿಡಿಯಲಾಗದು, ನಿಜ. ಆದರೆ ಜರ್ಮನಿಯ ಕ್ರೆಫೆಲ್ಡ್ ನಗರದ ಕೀಟಾಸಕ್ತರ ಸಂಘವೊಂದು 63 ಸಂರಕ್ಷಿತ ತಾಣಗಳಲ್ಲಿ 27 ವರ್ಷಗಳ ಕಾಲ ಬಲೆ ಕಟ್ಟಿ ಹಾರುವ ಕೀಟಗಳನ್ನು ತೂಗಿ ನೋಡಿತು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಅಷ್ಟು ಅವಧಿಯಲ್ಲಿ ಕೀಟಗಳ ಒಟ್ಟು ತೂಕ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿ ಕುಸಿದಿತ್ತು. ಆ ಕುಸಿತಕ್ಕೆ ವಾಹನಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ಕುಸಿಯುತ್ತಿರುವ ಸಂಪತ್ತನ್ನು ಕೈಯಾರೆ ಚೆಲ್ಲಬಾರದೆಂದಷ್ಟೇ ಹೇಳುತ್ತೇನೆ. ಕೀಟ ಕಡಿಮೆಯಾದರೆ ಹೂವಿಗೆ ಪರಾಗವಿಲ್ಲ, ಹಕ್ಕಿಮರಿಗೆ ಉಣಿಸಿಲ್ಲ, ಬಾವಲಿಗೆ ಆಹಾರವಿಲ್ಲ. ಜಗತ್ತಿನಲ್ಲಿ ಅತಿ ವಿರಳವಾದ ರಾಟನ್ಸ್ ಬಾವಲಿಯ ಹೆಸರಾಂತ ನೆಲೆಯಾದ ಬಾರಾಪೇಡೆ ಗುಹೆಗಳು ಇದೇ ಭೀಮಗಡದ ಕಾಡಿನಲ್ಲಿವೆ. ಆ ಬಾವಲಿಯ ಊಟವೂ ಇಂಥ ಕೀಟಗಳೇ.

ಮಿಣುಕುಹುಳುಗಳ ಮಾತನ್ನೂ ಹೇಳಬೇಕು. ಮುಂಗಾರಿಗೆ ಮುನ್ನ, ಮೇ ತಿಂಗಳ ಕೊನೆಯ ರಾತ್ರಿಗಳಲ್ಲಿ ಸಹ್ಯಾದ್ರಿಯ ಕಾಡಿನಲ್ಲಿ ಮರಕ್ಕೆ ಮರವೇ ಮಿನುಗುವುದುಂಟು. ಆ ಬೆಳಕು ಅವುಗಳ ಮಾತು. ಗಂಡು ಮಿನುಗಿ ಕರೆಯುತ್ತದೆ, ಹೆಣ್ಣು ಮಿನುಗಿ ಓಗೊಡುತ್ತದೆ. ವಾಹನಗಳ ಪ್ರಖರ ಬೆಳಕು ಬಿದ್ದ ಕಡೆ ಆ ಮಾತು ಕಾಣಿಸದಂತಾಗುತ್ತದೆ. ಬಲಿತ ಮಿಣುಕುಹುಳುವಿನ ಬಾಳು ಕೆಲವೇ ವಾರಗಳದು; ತಪ್ಪಿದ ಮಾತನ್ನು ಮರುವರ್ಷ ಆಡೋಣವೆಂದರೆ ಆಗದು.

ಹಾಗಾದರೆ ಊರಿಗೆ ಹೋಗುವುದೇ ಬೇಡವೇ ಎಂದು ಕೇಳಬಹುದು. ಹೋಗಬೇಕು, ಹಗಲಿನಲ್ಲಿ ಹೋಗಬೇಕು. ಹಗಲಿನ ಸವಾರನಿಗೆ ಆ ದಾರಿ ಕೊಡುವಷ್ಟನ್ನು ಯಾವ ಮೃಗಾಲಯವೂ ಕೊಡದು. ನಸುಕಿನಲ್ಲಿ ವೆರ್ಣಾ ಬಿಟ್ಟು, ಬಿಸಿಲು ಏರುವ ಮೊದಲು ಮೊಲೆಂ ಸೇರಿ, ಅಲ್ಲಿಂದ ಗಂಟೆಗೆ ಮೂವತ್ತು ನಲವತ್ತರ ವೇಗದಲ್ಲಿ ಘಟ್ಟ ಏರಿ ನೋಡಿ. ತಲೆಯ ಮೇಲೆ ರೈಲುಬಂಡಿಯಂತೆ ರೆಕ್ಕೆಯ ಸದ್ದು ಮಾಡುತ್ತ ಮಂಗಟ್ಟೆ ಹಕ್ಕಿ ಹಾರಿಹೋದೀತು. ಹೆಣ್ಣು ಮಂಗಟ್ಟೆ ಮರದ ಪೊಟರೆಯಲ್ಲಿ ಕುಳಿತು ಬಾಯಿಯನ್ನು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ; ಉಳಿಸಿಕೊಂಡ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಉಣಿಸುತ್ತದೆ. ಊರಲ್ಲಿ ಕುಟುಂಬವನ್ನು ಬಿಟ್ಟು ದುಡಿದು ಕಳಿಸುವ ನಮ್ಮವರಿಗೆ ಆ ಹಕ್ಕಿಯ ಸಂಸಾರ ಬೇಗ ಅರ್ಥವಾಗುತ್ತದೆ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೆಂಜಳಿಲು, ಮರದ ಕಾಂಡದಿಂದ ಇನ್ನೊಂದಕ್ಕೆ ತೇಲಿಹೋಗುವ ಹಾರುವ ಓತಿ ಕಂಡರೂ ಕಂಡಾವು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಆ ಓತಿಯ ಪರಿಚಯ ಉಂಟು. 1980ರಲ್ಲಿ ಬಂದ ಆ ಕಾದಂಬರಿಯನ್ನು ಓದಿಯೂ, ಅದೇ ಓತಿ ನಮ್ಮ ಘಟ್ಟದಲ್ಲಿಯೂ ಇದೆಯೆಂದು ಅರಿಯದವರು ಅನೇಕರು.

ಹಗಲಿನ ಕೀಟಗಳೂ ಕಡಿಮೆಯಲ್ಲ. ಒದ್ದೆ ಮರಳಿನ ಮೇಲೆ ಪಾತರಗಿತ್ತಿಗಳು ಹಿಂಡುಗಟ್ಟಿ ಕುಳಿತು ಉಪ್ಪಿನಂಶವನ್ನು ಹೀರುತ್ತಿರುತ್ತವೆ. ಚಿಗಳಿ ಇರುವೆಗಳು ಹಸಿ ಎಲೆಗಳನ್ನು ತಮ್ಮ ಮರಿಹುಳುಗಳ ನೂಲಿನಿಂದ ಹೊಲಿದು ಗೂಡು ಕಟ್ಟುತ್ತವೆ. ಜೋಯಿಡಾ ಕಡೆಯವರು ಅದರ ಚಟ್ನಿ ಮಾಡುತ್ತಾರೆ. ಮಳೆಗಾಲ ಮುಗಿಯುತ್ತಿದ್ದಂತೆ ವೆರ್ಣಾದ ಚಿರೆಕಲ್ಲಿನ ಬಯಲಿನ ಮೇಲೆ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟಗಳು ಸಾವಿರಾರು ಹಾರಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅವುಗಳಲ್ಲೊಂದು ಜಾತಿ ಭಾರತದಿಂದ ಹೊರಟು ಮಾಲ್ಡೀವ್ಸ್ ದ್ವೀಪಗಳ ಮೇಲೆ ಹಾದು, ಗಾಳಿಯನ್ನು ಅನುಸರಿಸಿ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾದವರೆಗೆ ಹೋಗುತ್ತದೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಮಂಡಿಸಿದರು. ಹೆಬ್ಬೆರಳಿನಷ್ಟೂ ಇಲ್ಲದ ಹುಳು! ಅದರ ಪಯಣದ ಮುಂದೆ ನಮ್ಮ ಗದಗಿನ ಪಯಣ ಎಷ್ಟರದು?

ಅಪಾಯ ಹಗಲಿನಲ್ಲಿಯೂ ಇಲ್ಲವೆಂದಲ್ಲ. ಜೇನೋ ಕಣಜವೋ ಹೆಲ್ಮೆಟ್ಟಿನೊಳಗೆ ಹೊಕ್ಕರೆ ಕೈ ಬಿಟ್ಟು ಬಡಿದುಕೊಳ್ಳಬಾರದು. ವೇಗ ಇಳಿಸಿ, ಎಡಕ್ಕೆ ನಿಂತು, ಹೆಲ್ಮೆಟ್ ತೆಗೆಯಬೇಕು. ಜೇನಿನ ಮುಳ್ಳು ಮೈಯಲ್ಲೇ ಉಳಿಯುವುದರಿಂದ ಉಗುರಿನಿಂದ ಕೂಡಲೇ ಕೆರೆದು ತೆಗೆಯಬೇಕು. ಹೆಜ್ಜೇನು ಎದ್ದಿದ್ದರೆ ಅಲ್ಲಿ ನಿಲ್ಲದೆ ಮುಂದೆ ಸಾಗಬೇಕು. ಗಾಜು ಇಳಿಸಿಕೊಂಡು, ಕೊರಳಿಗೆ ಬಟ್ಟೆ ಸುತ್ತಿಕೊಂಡು ಹೊರಟವನಿಗೆ ಇದಾವುದೂ ದೊಡ್ಡ ತೊಂದರೆಯಲ್ಲ. ಕಾಡುಕೋಣ ದಾರಿಯಲ್ಲಿದ್ದರೆ ದೂರದಲ್ಲಿಯೇ ನಿಂತು ಕಾಯಬೇಕು, ಹಾರನ್ ಹಾಕಬಾರದು. ಒಂದು ದಾಟಿದ ಮೇಲೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ.

ರಾಮನಗರ, ಅಳ್ನಾವರ ದಾಟಿ ಧಾರವಾಡ ಬಿಟ್ಟರೆ ಎರೆನೆಲದ ಬಯಲು. ಕಾಡು ಮುಗಿಯಿತೆಂದು ವೇಗ ಹೆಚ್ಚಿಸುವವರೇ ಬಹಳ. ಬಯಲಿಗೂ ತನ್ನ ಜೀವಿಗಳಿವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಿಂದ ಇದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ನಮ್ಮ ಹಿರಿಯರ ಊರುಗಳ ಪಕ್ಕದಲ್ಲಿಯೇ ಇಷ್ಟೆಲ್ಲ ಇದ್ದು, ನಮ್ಮ ಮಕ್ಕಳು ಕತ್ತಲಲ್ಲಿ ತೂಕಡಿಸುತ್ತ ಊರು ಸೇರಿ, ಕತ್ತಲಲ್ಲಿಯೇ ಹಿಂದಿರುಗಿದರೆ ಅವರಿಗೆ ಏನನ್ನು ತೋರಿಸಿದಂತಾಯಿತು?

ಈಗ ಆಕ್ಷೇಪಣೆಗಳನ್ನು ವಿಚಾರಿಸೋಣ. ಮೊದಲನೆಯದು ದುಡಿಯುವವರದು. ವಾರಕ್ಕೊಂದೇ ರಜೆ, ಹಗಲಿನಲ್ಲಿ ಹೊರಟರೆ ಒಂದು ದಿನದ ಸಂಬಳ ಹೋಗುತ್ತದೆ. ಇದು ಹಗುರವಾದ ಮಾತಲ್ಲ. ದಿನಗೂಲಿಯವರ ಮನೆಯಲ್ಲಿ ಒಂದು ದಿನವೆಂದರೆ ಒಂದು ವಾರದ ಕಾಯಿಪಲ್ಲೆ. ಅಂಥವರಿಗೆ ನನ್ನ ವಿನಂತಿ, ರಾತ್ರಿ ಹೋಗಲೇಬೇಕಾದರೆ ಬಸ್ಸಿನಲ್ಲಿ ಹೋಗಿರಿ ಎಂದು. ನಲವತ್ತು ಜನರನ್ನು ಹೊತ್ತ ಒಂದು ಬಸ್ಸು ಹಾದುಹೋಗುವುದಕ್ಕೂ ಇಪ್ಪತ್ತು ಮೋಟಾರ್ ಸೈಕಲ್ಲುಗಳು ಒಂದರ ಹಿಂದೊಂದು ರಾತ್ರಿಯಿಡೀ ಹಾದುಹೋಗುವುದಕ್ಕೂ ಕಾಡಿನ ದೃಷ್ಟಿಯಲ್ಲಿ ಬಹಳ ಅಂತರವಿದೆ. ಹಬ್ಬದ ಮುನ್ನಾದಿನಗಳಲ್ಲಿ ಹೆಚ್ಚಿನ ಬಸ್ಸು ಬಿಡಿರೆಂದು ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳನ್ನು ನಮ್ಮ ಸಂಘಗಳು ಒಟ್ಟಾಗಿ ಕೇಳಬೇಕು.

ಎರಡನೆಯದು ತುರ್ತಿನ ಪ್ರಶ್ನೆ. ಊರಿನಿಂದ ತಂದೆತಾಯಿಗಳಿಗೆ ಹೆಚ್ಚುಕಡಿಮೆಯೆಂದು ಫೋನು ಬಂದರೆ ಬೆಳಗಾಗಲೆಂದು ಕಾಯುವುದು ಹೇಗೆ? ಕಾಯಬೇಕೆಂದು ಯಾರೂ ಹೇಳಲಾರರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಲ್ಲಿಸಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಯೂ ತುರ್ತು ವಾಹನಗಳಿಗೆ, ನಿಗದಿಯಾದ ಕೆಲವು ಸರ್ಕಾರಿ ಬಸ್ಸುಗಳಿಗೆ ವಿನಾಯಿತಿ ಇಟ್ಟರು. ಆಗಲೂ ವ್ಯಾಪಾರ ನಿಂತುಹೋಗುತ್ತದೆಂದು ಕೂಗೆದ್ದಿತ್ತು. ಜನ ತಮ್ಮ ಹೊತ್ತನ್ನು ಹೊಂದಿಸಿಕೊಂಡರು.

ಮೂರನೆಯ ಆಕ್ಷೇಪಣೆ ಹೀಗಿದೆ: ಲಾರಿಗಳು, ರೈಲುಮಾರ್ಗ, ಹೆದ್ದಾರಿ ಅಗಲೀಕರಣ, ವಿದ್ಯುತ್ ತಂತಿ ಇವುಗಳಿಂದಾಗುವ ಹಾನಿಯ ಮುಂದೆ ಬಡವನ ಮೋಟಾರ್ ಸೈಕಲ್ಲಿನದು ಎಷ್ಟು? ಪ್ರಶ್ನೆ ನ್ಯಾಯವಾದದ್ದೇ. ಮೊಲೆಂ ಕಾಡಿನಲ್ಲಿ ಆ ಮೂರು ಯೋಜನೆಗಳಿಗೆ ವಿರೋಧವಾಗಿ 2020ರಲ್ಲಿ ಗೋವೆಯ ಜನ ಬೀದಿಗಿಳಿದರು. ಚಾಂದೋರಿನಲ್ಲಿ ರಾತ್ರಿಯಿಡೀ ರೈಲುಹಳಿಯ ಬಳಿ ಕುಳಿತರು. ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವಿನ ಜೋಡಿಮಾರ್ಗಕ್ಕೆ ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಅದೇ 2020ರ ಜನವರಿಯಲ್ಲಿ ಮಹದಾಯಿ ಅಭಯಾರಣ್ಯದಲ್ಲಿ ಒಂದು ಹೆಣ್ಣುಹುಲಿಯೂ ಮೂರು ಮರಿಗಳೂ ವಿಷಕ್ಕೆ ಬಲಿಯಾದವು. ದೊಡ್ಡ ಅಪಾಯಗಳು ದೊಡ್ಡವೇ. ಆದರೆ ಅವುಗಳ ವಿರುದ್ಧ ದನಿಯೆತ್ತುವವನಿಗೆ ತನ್ನ ಕೈಯಲ್ಲಿರುವ ಸಣ್ಣದನ್ನು ಬಿಟ್ಟುಕೊಟ್ಟಾಗಲೇ ಆ ದನಿಗೆ ಬಲ ಬರುತ್ತದೆ. ಹೊರಗಿನವರೆಂದು ಇಲ್ಲಿ ಆಗಾಗ ಕರೆಸಿಕೊಳ್ಳುವ ನಮಗಂತೂ ಈ ನೆಲದ ಕಾಡನ್ನು ಕಾಯುವವರ ಜೊತೆ ನಿಲ್ಲುವುದು ಭೂಷಣ.

ಹೆದ್ದಾರಿ ಅಗಲವಾಗಲೇಬೇಕಾದರೆ ಅದಕ್ಕೂ ಕ್ರಮವಿದೆ. ಮಹಾರಾಷ್ಟ್ರದ ಪೆಂಚ್ ಕಾಡಿನಲ್ಲಿ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ವಿಸ್ತರಿಸುವಾಗ ಪ್ರಾಣಿಗಳು ಕೆಳಗಿನಿಂದ ದಾಟುವಂತೆ ಒಂಬತ್ತು ಸೇತುವೆದಾರಿಗಳನ್ನು ಕಟ್ಟಿದರು. ಹುಲಿಗಳೂ ಅವನ್ನು ಬಳಸುತ್ತಿರುವುದನ್ನು ಅಲ್ಲಿಟ್ಟ ಕ್ಯಾಮೆರಾಗಳು ತೋರಿಸಿದವು. ಅನಮೋಡ ಘಟ್ಟಕ್ಕೂ ಅಂಥದ್ದನ್ನು ಕೇಳುವ ಹಕ್ಕು ನಮಗಿದೆ. ಅದು ಬರುವ ತನಕ ಖರ್ಚಿಲ್ಲದ ಉಪಾಯ ಒಂದೇ, ಬೆಳಗಾಗುವವರೆಗೆ ಕಾಯುವುದು. ಅನಮೋಡದ ಬಳಿಯ ತಪಾಸಣಾ ಕಟ್ಟೆಯಲ್ಲಿ ಕಾವಲುಗಾರರೊಬ್ಬರು ಒಮ್ಮೆ ತರುಣರ ಗುಂಪೊಂದಕ್ಕೆ ಹೇಳುತ್ತಿದ್ದುದನ್ನು ಕೇಳಿದ್ದೇನೆ: “ಹುಲಿ ಅಡ್ಡಾಡೂ ಹೊತ್ತಿನ್ಯಾಗ ಯಾಕ ಹೊಂಟೀರಪ್ಪಾ? ಮುಂಜಾನೆದ್ದು ಹೋದ್ರ ನಿಮ್ಮೂರು ಓಡಿ ಹೋಗ್ತದೇನ?”

ಕಡೆಯದಾಗಿ ಶಾಲೆಗೆ ಸಂಬಂಧಿಸಿದ ಮಾತು. ಗೋವೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ಅನ್ನ, ನೀರು, ಅಪ್ಪ, ಅವ್ವ ಎಂಬ ಶಬ್ದಗಳು ಉಳಿಯುತ್ತವೆ. ಕಡವೆ, ಕೂರ, ಮಂಗಟ್ಟೆ, ಚಿಗಳಿ, ಪಾತರಗಿತ್ತಿ ಎಂಬ ಶಬ್ದಗಳು ಮೊದಲು ಹೋಗುತ್ತವೆ. ಕಾಡಿನಲ್ಲಿ ಜೀವಿ ಕಾಣೆಯಾಗುವುದೂ ಮನೆಯಲ್ಲಿ ಅದರ ಹೆಸರು ಕಾಣೆಯಾಗುವುದೂ ಜೊತೆಜೊತೆಗೆ ನಡೆಯುತ್ತಿವೆ. ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಶಾಲೆಯಲ್ಲಿ ‘ದಾರಿಯ ದಾಖಲೆ’ ಎಂಬ ಒಂದು ದಪ್ಪ ಪುಸ್ತಕವನ್ನು ಇಡಲಿ. ರಜೆಯಲ್ಲಿ ಊರಿಗೆ ಹೋಗಿಬಂದ ಪ್ರತಿಯೊಂದು ಮಗುವೂ ದಾರಿಯಲ್ಲಿ ಕಂಡ ಪ್ರಾಣಿ, ಪಕ್ಷಿ, ಕೀಟಗಳ ಹೆಸರನ್ನು ಕನ್ನಡದಲ್ಲಿ ಬರೆಯಲಿ. ದಿನಾಂಕ, ಹೊತ್ತು, ಸ್ಥಳ, ಬದುಕಿದ್ದದ್ದೋ ಸತ್ತದ್ದೋ ಎಂಬುದನ್ನೂ ಕಾಣಿಸಲಿ. ಹೆಸರು ತಿಳಿಯದಿದ್ದರೆ ಊರಿನ ಅಜ್ಜ, ಆಯಿಯರನ್ನು ಕೇಳಿ ಬರಲಿ. ಹತ್ತು ವರ್ಷ ಹೀಗೆ ಬರೆದರೆ ಅದು ಮಕ್ಕಳಿಗೆ ಭಾಷೆಯ ಪಾಠವಾಗುತ್ತದೆ, ಅರಣ್ಯ ಇಲಾಖೆಗೆ ಉಪಯೋಗದ ಮಾಹಿತಿಯೂ ಆಗುತ್ತದೆ. ಮತ್ತು ಬರೆಯಬೇಕೆಂಬ ಮಗು ಹಿಂದೆ ಕುಳಿತಿದ್ದರೆ ತಂದೆ ರಾತ್ರಿ ಹೊರಡಲಾರ; ಕತ್ತಲಲ್ಲಿ ಅದಕ್ಕೆ ಬರೆಯಲು ಏನೂ ಕಾಣಿಸದಲ್ಲ!

ಬರುವ ಯುಗಾದಿಗೆ ಊರಿಗೆ ಹೊರಡುವ ಬಂಧುಗಳು ನಸುಕಿನಲ್ಲಿ ಹೊರಡಲಿ, ನಿಧಾನವಾಗಿ ಸಾಗಲಿ, ಸುಖವಾಗಿ ಸೇರಲಿ. ಘಟ್ಟದ ಜೀವಿಗಳಿಗೂ ಅಷ್ಟೇ ಸುಖವನ್ನು ಕೋರುತ್ತೇನೆ. ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.